ಸರ್ವರ್ ಒಳಗೆ ಈಗ ಯಾರಿದ್ದಾರೆ? ಎಫ್‌ಟಿಪಿ ಸೆಷನ್‌ಗಳ ಮೇಲೆ ಕಣ್ಣಿಡುವ ಸಮಗ್ರ ಮಾರ್ಗದರ್ಶಿ

ನಾನು ದಾವಣಗೆರೆಯಲ್ಲಿ ಒಂದು ಮದುವೆ ಆಲ್ಬಂ ಲ್ಯಾಬ್‌ನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ, ಆ ಕಡೆ ಹೊಳಲ್ಕೆರೆ, ಚಳ್ಳಕೆರೆ, ಹಿರಿಯೂರಿನ ಫೋಟೋಗ್ರಾಫರ್‌ಗಳು ತಮ್ಮ ಆಲ್ಬಂ ಶೀಟ್‌ಗಳನ್ನು ನಮ್ಮ ಎಫ್‌ಟಿಪಿ ಸರ್ವರ್‌ಗೆ ಕಳಿಸುತ್ತಾರೆ. ಎಫ್‌ಟಿಪಿ ಅಂದರೆ ಇಂಟರ್‌ನೆಟ್ ಮೂಲಕ ಫೈಲ್ ಕಳಿಸುವ, ಪಡೆಯುವ ಒಂದು ಪದ್ಧತಿ. ಸರ್ವರ್ ಅಂದರೆ ಆ ಫೈಲ್‌ಗಳು ಬಂದು ಸೇರುವ ನಮ್ಮ ಕಂಪ್ಯೂಟರ್. ಹಗಲು ಅವರಿಗೆ ಸ್ಟುಡಿಯೋ ಕೆಲಸ, ಫಂಕ್ಷನ್ ಕೆಲಸ. ಕಳಿಸಲು ಕೂರುವುದು ರಾತ್ರಿ ಊಟ ಆದ ಮೇಲೆ. ಹಾಗಾಗಿ ಸೀಸನ್‌ನಲ್ಲಿ ರಾತ್ರಿ 9ರಿಂದ 12ರವರೆಗೆ ನಮ್ಮ ಸರ್ವರ್ ತುಂಬಿರುತ್ತದೆ.

ವಾಟ್ಸಾಪ್‌ನಲ್ಲೇ ಕಳಿಸಬಾರದಾ ಅಂತ ಹೊಸಬರು ಕೇಳುತ್ತಾರೆ. ಅಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಬಿಡುತ್ತದೆ. 12 ಇಂಚು ಎತ್ತರ, 36 ಇಂಚು ಅಗಲದ ಶೀಟನ್ನು 300 ಡಿಪಿಐನಲ್ಲಿ ಮಾಡಿದರೆ 3600 × 10800 ಪಿಕ್ಸೆಲ್ ಆಗುತ್ತದೆ. ಅದು ಒಂದು ಚುಕ್ಕಿಯೂ ಕಡಿಮೆಯಾಗದೆ ಬರಬೇಕು. ಅದಕ್ಕೇ ಎಫ್‌ಟಿಪಿ.

ನಿಮ್ಮದು ಪ್ರಿಂಟಿಂಗ್ ಪ್ರೆಸ್ ಇರಬಹುದು, ಫ್ಲೆಕ್ಸ್ ಅಂಗಡಿ ಇರಬಹುದು, ಕಾಲೇಜಿನ ಕಂಪ್ಯೂಟರ್ ವಿಭಾಗ ಇರಬಹುದು. ಹೊರಗಿನವರು ಬಂದು ಫೈಲ್ ಇಟ್ಟುಹೋಗುವ ಸರ್ವರ್ ಇದ್ದರೆ ಒಂದು ಪ್ರಶ್ನೆಗೆ ಯಾವ ಹೊತ್ತಿನಲ್ಲೂ ನಿಮ್ಮ ಹತ್ತಿರ ಉತ್ತರ ಇರಬೇಕು: ಈಗ ಒಳಗೆ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ? ಆ ಉತ್ತರ ಪಡೆಯುವ ದಾರಿಯನ್ನು ಇಲ್ಲಿ ಮೊದಲಿಂದ ಹೇಳುತ್ತೇನೆ. ನಾನು ಬಳಸುವುದು ವಿಂಡೋಸ್ ಮೇಲೆ ಫೈಲ್‌ಝಿಲ್ಲಾ ಸರ್ವರ್ ಎಂಬ ಎಫ್‌ಟಿಪಿ ಸಾಫ್ಟ್‌ವೇರ್. ಲಿನಕ್ಸ್ ಇಟ್ಟುಕೊಂಡವರಿಗೆ ಕೊನೆಯ ಕಡೆ ಬೇಕಾದಷ್ಟು ಹೇಳಿದ್ದೇನೆ. ಆಜ್ಞೆಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ನೀವು ಇಂಗ್ಲಿಷ್ ಅಕ್ಷರ ಬಳಸಿ.

ಸೆಷನ್ ಅಂದರೆ ಏನು

ನಮ್ಮ ಎಪಿಎಂಸಿ ಗೇಟಿನಲ್ಲಿ ಮೆಕ್ಕೆಜೋಳದ ಲಾರಿ ಬಂದಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ನಂಬರ್ ಬರೆಯುತ್ತಾರೆ, ಬಂದ ಹೊತ್ತು ಬರೆಯುತ್ತಾರೆ, ಲಾರಿ ಒಳಗೆ ಹೋಗುತ್ತದೆ, ಮೂಟೆ ಇಳಿಯುತ್ತದೆ, ಹೊರಗೆ ಬರುತ್ತದೆ. ಗೇಟಿಗೆ ಬಂದಾಗಿನಿಂದ ಹೊರಗೆ ಹೋಗುವವರೆಗಿನ ಆ ಇಡೀ ಅವಧಿಯೇ ಒಂದು ಸೆಷನ್. ಸರ್ವರ್‌ನಲ್ಲಿ ಲಾರಿ ನಂಬರ್ ಬದಲು ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ಆ ಸಂಪರ್ಕಕ್ಕೆ ಇರುವ ನಂಬರ್), ಚಾಲಕನ ಹೆಸರಿನ ಬದಲು ಯೂಸರ್ ಹೆಸರು, ಅಷ್ಟೇ.

ಎಫ್‌ಟಿಪಿಯಲ್ಲಿ ಒಂದು ವಿಶೇಷ ಇದೆ. ಅದು ಗೊತ್ತಿಲ್ಲದೆ ಸೆಷನ್ ಪಟ್ಟಿ ಓದಿದರೆ ಖಂಡಿತ ತಪ್ಪಾಗುತ್ತದೆ. ಇಲ್ಲಿ ಮಾತಿಗೆ ಒಂದು ದಾರಿ, ಮೂಟೆಗೆ ಇನ್ನೊಂದು ದಾರಿ. ಹೆಸರು, ಪಾಸ್‌ವರ್ಡ್, 'ಈ ಫೈಲ್ ಇಡುತ್ತೇನೆ' ಎಂಬ ಮಾತೆಲ್ಲ ಪೋರ್ಟ್ 21ರಲ್ಲಿ, ಅಂದರೆ ಸರ್ವರ್‌ನ 21ನೇ ನಂಬರಿನ ಬಾಗಿಲಲ್ಲಿ ನಡೆಯುತ್ತದೆ. ಫೈಲ್ ಮಾತ್ರ ಬೇರೆ ಪೋರ್ಟ್‌ನಲ್ಲಿ ಬರುತ್ತದೆ. ದೊಡ್ಡ ಫೈಲ್ ಬರುತ್ತಿರುವಷ್ಟು ಹೊತ್ತೂ ಮಾತಿನ ದಾರಿ ಸುಮ್ಮನೆ ಇರುತ್ತದೆ. ನೋಡಿದವರಿಗೆ 'ಇವನು ಏನೂ ಮಾಡುತ್ತಿಲ್ಲ' ಅನ್ನಿಸುತ್ತದೆ. ಆದರೆ ಹಿಂದಿನ ಬಾಗಿಲಲ್ಲಿ ಮೂಟೆ ಇಳಿಯುತ್ತಲೇ ಇರುತ್ತದೆ.

ಈ ಪದ್ಧತಿ ಹಳೆಯದು. ಎಫ್‌ಟಿಪಿಯ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್. ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಗೆ ಹೋದವರು. ಇಂದಿಗೂ ಎಲ್ಲರೂ ಆಧಾರವಾಗಿ ಹಿಡಿಯುವ ನಿಯಮ 1985ರ ಅಕ್ಟೋಬರ್‌ನದು, ಆರ್‌ಎಫ್‌ಸಿ 959 ಎಂಬ ದಾಖಲೆ. ನಮ್ಮ ದೇಶದವರೊಬ್ಬರು ಹಾಕಿದ ಬುನಾದಿ ಮೇಲೆ ನಮ್ಮೂರಿನ ಆಲ್ಬಂಗಳು ಓಡಾಡುತ್ತಿವೆ ಅನ್ನುವುದು ನನಗೆ ಬಹಳ ಖುಷಿ ಕೊಡುವ ವಿಷಯ.

ಮೊದಲ ಹೆಜ್ಜೆ: ಒಬ್ಬರಿಗೆ ಒಂದು ಖಾತೆ

ಪರದೆ ನೋಡುವ ಮೊದಲೇ ಮಾಡಬೇಕಾದ ಕೆಲಸ ಇದು. ಇದನ್ನು ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಅನೇಕ ಕಡೆ ಎಲ್ಲ ಗಿರಾಕಿಗಳಿಗೂ ಒಂದೇ ಯೂಸರ್, ಒಂದೇ ಪಾಸ್‌ವರ್ಡ್ ಕೊಟ್ಟಿರುತ್ತಾರೆ. ಆಗ ಸೆಷನ್ ಪಟ್ಟಿಯಲ್ಲಿ ಒಂದೇ ಹೆಸರು ಹತ್ತು ಸಲ ಕಾಣುತ್ತದೆ. ಅದರಲ್ಲಿ ಯಾರು ಜಗಳೂರಿನವರು, ಯಾರು ಹೊಸದುರ್ಗದವರು, ಯಾರು ನಮ್ಮವರೇ ಅಲ್ಲ? ಹೇಳಲು ಆಗುವುದಿಲ್ಲ. ಜೊತೆಗೆ ಒಬ್ಬರ ಫೋಲ್ಡರ್ ಇನ್ನೊಬ್ಬರಿಗೆ ಕಾಣುತ್ತದೆ. ಅದರಲ್ಲಿರುವುದು ಒಂದು ಮನೆಯ ಮದುವೆ ಫೋಟೋಗಳು. ಆ ಮನೆಯವರು ನಮ್ಮನ್ನು ನೋಡಿಯೂ ಇರುವುದಿಲ್ಲ, ಫೋಟೋಗ್ರಾಫರ್ ಮೇಲಿನ ನಂಬಿಕೆಯಿಂದ ಕೊಟ್ಟಿರುತ್ತಾರೆ. ಆ ನಂಬಿಕೆ ಕೊನೆಗೆ ಬಂದು ನಿಲ್ಲುವುದು ನಮ್ಮ ಸರ್ವರ್‌ನಲ್ಲೇ ಅಲ್ವಾ?

ಫೈಲ್‌ಝಿಲ್ಲಾ ಸರ್ವರ್‌ನ ಆಡಳಿತ ಕಿಟಕಿಯಲ್ಲಿ ಸರ್ವರ್ ಮೆನು, ಅದರೊಳಗೆ ಕಾನ್ಫಿಗರ್ ಒತ್ತಿ. ರೈಟ್ಸ್ ಮ್ಯಾನೇಜ್‌ಮೆಂಟ್ ಕೆಳಗೆ ಯೂಸರ್ಸ್ ಇರುತ್ತದೆ. ಅಲ್ಲಿ ಪ್ರತಿ ಫೋಟೋಗ್ರಾಫರ್‌ಗೆ ಒಂದು ಖಾತೆ ಮಾಡಿ, ಅದಕ್ಕೆ ಅವರದೇ ಫೋಲ್ಡರ್ ಜೋಡಿಸಿ. ಯೂಸರ್ ಹೆಸರಿನ ಮುಂದೆ ಊರಿನ ಎರಡು ಮೂರು ಅಕ್ಷರ ಸೇರಿಸಿ. ಪಟ್ಟಿ ನೋಡಿದ ತಕ್ಷಣ ಊರು ಗೊತ್ತಾಗುತ್ತದೆ.

ಆಮೇಲೆ ಒಂದು ನೋಟ್‌ಬುಕ್ ಇಡಿ. ನಾನು ಇಟ್ಟಿರುವುದು 200 ಪುಟದ ರೂಲ್ಡ್ ಪುಸ್ತಕ. ಖಾತೆ ಹೆಸರು, ಊರು, ಫೋನ್ ನಂಬರ್, ಸಾಮಾನ್ಯವಾಗಿ ಯಾವ ಹೊತ್ತಿಗೆ ಬರುತ್ತಾರೆ, ಅವರದು ಬ್ರಾಡ್‌ಬ್ಯಾಂಡಾ ಮೊಬೈಲ್ ಹಾಟ್‌ಸ್ಪಾಟಾ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ. ಎರಡು ವಾರ ಪರದೆ ನೋಡುತ್ತಾ ಈ ಪುಸ್ತಕ ತುಂಬಿಸಿ. ಆಮೇಲೆ ನಿಮಗೇ ಒಂದು ಅಂದಾಜು ಸಿಗುತ್ತದೆ. ದಿನಾ ಬರುವವರ ಗುರುತು ಸರಿಯಾಗಿ ಇದ್ದರೆ ಅಪರಿಚಿತರು ತಾವಾಗಿಯೇ ಎದ್ದು ಕಾಣುತ್ತಾರೆ. ನನ್ನ ಅನುಭವದಲ್ಲಿ ಯಾವ ಸಾಫ್ಟ್‌ವೇರ್‌ಗಿಂತ ಜಾಸ್ತಿ ಕೆಲಸಕ್ಕೆ ಬಂದಿರುವುದು ಈ ಪುಸ್ತಕ.

ಎರಡನೇ ಹೆಜ್ಜೆ: ಕಿಟಕಿ ತೆರೆಯುವುದು

ಫೈಲ್‌ಝಿಲ್ಲಾ ಸರ್ವರ್ ವಿಂಡೋಸ್ ಸರ್ವಿಸ್ ಆಗಿ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಅದನ್ನು ನೋಡುವ ಕಿಟಕಿ ಬೇರೆ ಪ್ರೋಗ್ರಾಂ. ಕಿಟಕಿ ಮುಚ್ಚಿದರೆ ಸರ್ವರ್ ನಿಲ್ಲುವುದಿಲ್ಲ, ಹೆದರಬೇಡಿ. ತೆರೆದಾಗ ಹೋಸ್ಟ್ ಜಾಗದಲ್ಲಿ 127.0.0.1, ಪೋರ್ಟ್ ಜಾಗದಲ್ಲಿ 14148, ಕೆಳಗೆ ಆಡಳಿತದ ಪಾಸ್‌ವರ್ಡ್ ಹಾಕಿ. ಹಳೆಯ 0.9 ಸರಣಿಯಲ್ಲಿ ಈ ಪೋರ್ಟ್ 14147 ಇತ್ತು. ಅದನ್ನೇ ಇನ್ನೂ ಓಡಿಸುತ್ತಿದ್ದರೆ ದಯವಿಟ್ಟು ಹೊಸದಕ್ಕೆ ಬನ್ನಿ.

ಈ 14148 ಪೋರ್ಟ್ ಅನ್ನು ರೂಟರ್‌ನಲ್ಲಿ ಹೊರಗಿನವರಿಗೆ ತೆರೆಯಬೇಡಿ. ಮನೆಯಿಂದಲೂ ನೋಡಬೇಕು ಅಂತ ಆಸೆ ಆಗುತ್ತದೆ, ನನಗೂ ಆಗಿತ್ತು. ಆ ಬಾಗಿಲಿಂದ ಒಳಗೆ ಬಂದವರು ಯೂಸರ್‌ಗಳನ್ನೇ ಹೊಸದಾಗಿ ಮಾಡಬಹುದು. ಮನೆಯಿಂದ ನೋಡಲೇಬೇಕಿದ್ದರೆ ವಿಪಿಎನ್ (ಅಂಗಡಿಯ ನೆಟ್‌ವರ್ಕ್‌ಗೆ ಗುಟ್ಟಾಗಿ ಸೇರುವ ದಾರಿ) ಹಾಕಿಕೊಂಡು ಅದರೊಳಗಿಂದ ನೋಡಿ.

ಮೂರನೇ ಹೆಜ್ಜೆ: ಪಟ್ಟಿ ಓದುವುದು

ಕಿಟಕಿಯಲ್ಲಿ ಒಂದು ಕಡೆ ಲಾಗ್ ಸಾಲುಗಳು, ಅಂದರೆ ನಡೆದದ್ದನ್ನೆಲ್ಲ ಬರೆದಿಡುವ ದಾಖಲೆ, ಓಡುತ್ತಿರುತ್ತವೆ, ಇನ್ನೊಂದು ಕಡೆ ಸೆಷನ್ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಸಮಯ, ಸೆಷನ್ ಐಡಿ, ಪ್ರೊಟೊಕಾಲ್, ಹೋಸ್ಟ್ ಅಂದರೆ ಐಪಿ, ಯೂಸರ್ ಹೆಸರು, ವರ್ಗಾವಣೆ. ನಾನು ಎಡದಿಂದ ಬಲಕ್ಕೆ ಓದುವುದಿಲ್ಲ. ಮೊದಲು ಯೂಸರ್ ಹೆಸರು, ಆಮೇಲೆ ವರ್ಗಾವಣೆ, ಕೊನೆಗೆ ಐಪಿ.

ಯೂಸರ್ ಹೆಸರು ಖಾಲಿ ಇದ್ದರೆ ಅವರು ಗೇಟಿನವರೆಗೆ ಬಂದಿದ್ದಾರೆ, ಒಳಗೆ ಬಂದಿಲ್ಲ. ಒಂದೆರಡು ಸೆಕೆಂಡ್ ಖಾಲಿ ಇದ್ದು ಹೆಸರು ಬಂದರೆ ಅದು ಸಹಜ. ಖಾಲಿಯಾಗಿಯೇ ಇದ್ದು ಮಾಯವಾಗಿ, ಮತ್ತೆ ಬಂದು, ಮತ್ತೆ ಮಾಯವಾದರೆ ಯಾವುದೋ ಯಂತ್ರ ಬಾಗಿಲು ಬಡಿಯುತ್ತಿದೆ ಅಂತ ಅರ್ಥ. ಅದಕ್ಕೆ ಆಮೇಲೆ ಬರೋಣ.

ಒಬ್ಬರದೇ ಹೆಸರು ಮೂರು ಸಲ ಕಂಡರೆ ಮೂರು ಜನ ಅಂದುಕೊಳ್ಳಬೇಡಿ. ಫೈಲ್‌ಝಿಲ್ಲಾ ಕ್ಲೈಂಟ್ (ಕಳಿಸುವವರ ಕಂಪ್ಯೂಟರ್‌ನಲ್ಲಿರುವ ಪ್ರೋಗ್ರಾಂ) ಬಳಸುವವರು ಫೋಲ್ಡರ್ ನೋಡಲು ಒಂದು ಸಂಪರ್ಕ ಇಟ್ಟುಕೊಂಡು, ಫೈಲ್ ಕಳಿಸಲು ಬೇರೆ ಸಂಪರ್ಕ ತೆರೆಯುತ್ತಾರೆ. ಆ ಕ್ಲೈಂಟ್ ಬದಲಾಯಿಸದೆ ಬಿಟ್ಟರೆ ಒಟ್ಟಿಗೆ 2 ಫೈಲ್ ಕಳಿಸುತ್ತದೆ, ಬೇಕಾದರೆ 10ರವರೆಗೆ ಏರಿಸಬಹುದು. ಹಾಗಾಗಿ ಒಂದೇ ಐಪಿ, ಒಂದೇ ಹೆಸರು, ಮೂರು ಸಾಲು ಅಂದರೆ ಒಬ್ಬರೇ ಕೂತು ಕಳಿಸುತ್ತಿದ್ದಾರೆ.

ಒಂದೇ ಹೆಸರು, ಎರಡು ಬೇರೆ ಐಪಿ ಬಂದಾಗ ಸ್ವಲ್ಪ ನಿಂತು ನೋಡಬೇಕು. ಅದಕ್ಕೆ ಮೂರು ಕಾರಣ ನಾನು ಕಂಡಿದ್ದೇನೆ. ಮೊದಲನೆಯದು, ಅವರ ಸ್ಟುಡಿಯೋದಲ್ಲಿ ಕರೆಂಟ್ ಹೋಗಿ ರೂಟರ್ ಆಫ್ ಆಗಿದೆ, ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಮತ್ತೆ ಬಂದಿದ್ದಾರೆ. ಹಳೆಯ ಸಂಪರ್ಕ ಸತ್ತಿದೆ, ಆದರೆ 'ಹೋಗುತ್ತೇನೆ' ಅಂತ ಹೇಳಿ ಹೋಗಿಲ್ಲವಲ್ಲ, ಹಾಗಾಗಿ ಸರ್ವರ್‌ಗೆ ಗೊತ್ತಿಲ್ಲ. ಟೈಮ್‌ಔಟ್ ಆಗುವವರೆಗೆ ಆ ಸಾಲು ಪಟ್ಟಿಯಲ್ಲಿ ಉಳಿಯುತ್ತದೆ. ಎರಡನೆಯದು, ಅವರ ಹುಡುಗ ಮನೆಯಿಂದ ಡಿಸೈನ್ ಮಾಡಿ ಕಳಿಸುತ್ತಿದ್ದಾನೆ. ಮೂರನೆಯದು, ಪಾಸ್‌ವರ್ಡ್ ಬೇರೆಯವರ ಕೈಗೆ ಹೋಗಿದೆ. ಮೂರರಲ್ಲಿ ಯಾವುದು ಅಂತ ಪರದೆ ಹೇಳುವುದಿಲ್ಲ. ಪುಸ್ತಕ ತೆಗೆದು ಫೋನ್ ಮಾಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಬೇರೆ ಬೇರೆ ಹೆಸರು, ಒಂದೇ ಐಪಿ ಬಂದರೆ? ಮೊಬೈಲ್ ಕಂಪನಿಗಳು, ಕೆಲವು ಕೇಬಲ್ ಇಂಟರ್‌ನೆಟ್‌ನವರು ಒಂದೇ ಐಪಿಯನ್ನು ಅನೇಕ ಗ್ರಾಹಕರಿಗೆ ಹಂಚುತ್ತಾರೆ. ಹೊರಗಿನಿಂದ ನೋಡಿದರೆ ಅವರೆಲ್ಲ ಒಂದೇ ಮನೆಯವರ ಹಾಗೆ ಕಾಣುತ್ತಾರೆ. ಹಾಗಾಗಿ ಐಪಿಯನ್ನು ಮನುಷ್ಯನ ಗುರುತು ಅಂತ ಎಂದೂ ತಿಳಿಯಬೇಡಿ, ಅದು ಅವರು ಬಂದ ರಸ್ತೆ ಅಷ್ಟೇ. 192.168 ಅಂತ ಶುರುವಾದರೆ ಅದು ನಿಮ್ಮ ಅಂಗಡಿಯೊಳಗಿನದೇ ಕಂಪ್ಯೂಟರ್.

ಎಷ್ಟು ಹೊತ್ತು ಇದ್ದರೆ ಸಹಜ? ಲೆಕ್ಕ ಹಾಕಿ ನೋಡಿ. 40 ಶೀಟ್, ಒಂದೊಂದು 15 ಎಂಬಿ ಅಂದರೆ 600 ಎಂಬಿ. ಕಳಿಸುವವರ ಅಪ್‌ಲೋಡ್ ವೇಗ 2 ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ ಕಾಲು ಎಂಬಿ ಬರುತ್ತದೆ, ಅಂದರೆ 40 ನಿಮಿಷ. 5 ಎಂಬಿಪಿಎಸ್ ಇದ್ದರೆ 16 ನಿಮಿಷ. ಮಾರುವವರು ಹೇಳುವ ವೇಗ ಸಾಮಾನ್ಯವಾಗಿ ಡೌನ್‌ಲೋಡ್‌ನದು, ನಮಗೆ ಬೇಕಾದದ್ದು ಅಪ್‌ಲೋಡ್. ಈ ಲೆಕ್ಕ ತಲೆಯಲ್ಲಿ ಇದ್ದರೆ ಒಂದು ಗಂಟೆಯ ಸೆಷನ್ ನೋಡಿ ಗಾಬರಿ ಆಗುವುದಿಲ್ಲ.

ನಾಲ್ಕನೇ ಹೆಜ್ಜೆ: ಲಾಗ್ ಸಾಲುಗಳ ಭಾಷೆ

ಲಾಗ್‌ನಲ್ಲಿ ಮೂರು ಅಂಕಿಯ ಸಂಖ್ಯೆಗಳು ಬರುತ್ತವೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. 220 ಅಂದರೆ ಸರ್ವರ್ ನಮಸ್ಕಾರ ಹೇಳಿತು. 331 ಅಂದರೆ ಹೆಸರು ಕೇಳಿಸಿತು, ಪಾಸ್‌ವರ್ಡ್ ಕೊಡಿ. 230 ಅಂದರೆ ಒಳಗೆ ಬಂದರು. 530 ಅಂದರೆ ಬರಲಿಲ್ಲ. 150 ಅಂದರೆ ಫೈಲ್ ಶುರು, 226 ಅಂದರೆ ಫೈಲ್ ಪೂರ್ತಿ ಆಯಿತು. 426 ಅಂದರೆ ಮಧ್ಯದಲ್ಲಿ ಕಡಿಯಿತು. 425 ಅಂದರೆ ಫೈಲಿನ ದಾರಿ ತೆರೆಯಲೇ ಇಲ್ಲ, ಬಹುಮಟ್ಟಿಗೆ ರೂಟರ್ ಅಥವಾ ಫೈರ್‌ವಾಲ್ ತೊಂದರೆ. 421 ಅಂದರೆ ಸರ್ವರ್ ತಾನೇ ಬಾಗಿಲು ಹಾಕಿತು, ಹೆಚ್ಚಾಗಿ ಟೈಮ್‌ಔಟ್ ಆಗಿ.

150 ಬಂದ ಮೇಲೆ 226 ಬಂತಾ? ನಮ್ಮ ಕೆಲಸದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಬಾರದಿದ್ದರೆ ಆ ಫೈಲ್ ಫೋಲ್ಡರ್‌ನಲ್ಲಿ ಕಂಡರೂ ಅದನ್ನು ನಂಬಬೇಡಿ.

ಸಂಖ್ಯೆಗಳ ಜೊತೆ ನಾಲ್ಕು ಅಕ್ಷರದ ಆಜ್ಞೆಗಳೂ ಇರುತ್ತವೆ. ಎಸ್‌ಟಿಒಆರ್ ಅಂದರೆ ಹೊರಗಿನಿಂದ ಫೈಲ್ ಬರುತ್ತಿದೆ. ಆರ್‌ಇಟಿಆರ್ ಅಂದರೆ ನಮ್ಮ ಸರ್ವರ್‌ನಿಂದ ಫೈಲ್ ಹೊರಗೆ ಹೋಗುತ್ತಿದೆ. ಡಿಇಎಲ್‌ಇ ಅಂದರೆ ಅಳಿಸಿದರು. ಇದರಲ್ಲಿ ನಾನು ಕಣ್ಣಿಟ್ಟು ಹುಡುಕುವುದು ಆರ್‌ಇಟಿಆರ್. ಲ್ಯಾಬ್‌ಗೆ ಫೈಲ್ ಬರುವುದು ಸಹಜ. ತಾವು ಕಳಿಸಿದ್ದು ಸರಿ ಇದೆಯಾ ಅಂತ ಒಂದೆರಡು ಫೈಲ್ ಇಳಿಸಿ ನೋಡುವುದೂ ಸಹಜ. ರಾತ್ರಿ 2 ಗಂಟೆಗೆ ಒಂದು ಖಾತೆಯಿಂದ ಸಾಲಾಗಿ ಆರ್‌ಇಟಿಆರ್ ಓಡುತ್ತಿದ್ದರೆ ಯಾರೋ ಫೋಲ್ಡರ್ ಖಾಲಿ ಮಾಡಿಕೊಂಡು ಹೋಗುತ್ತಿದ್ದಾರೆ. ಆಗ ಯೋಚನೆ ಮಾಡುತ್ತಾ ಕೂರಬೇಡಿ. ಸೆಷನ್ ಕಡಿದು, ಖಾತೆ ನಿಲ್ಲಿಸಿ, ಆಮೇಲೆ ಫೋನ್ ಮಾಡಿ.

ಐದನೇ ಹೆಜ್ಜೆ: ವಿಂಡೋಸ್‌ನಿಂದಲೇ ಇನ್ನೊಮ್ಮೆ ನೋಡುವುದು

ಆಡಳಿತ ಕಿಟಕಿ ಒಂದು ಹೇಳಿದರೆ ವಿಂಡೋಸ್ ಏನು ಹೇಳುತ್ತದೆ ಅಂತ ತಾಳೆ ನೋಡಬಹುದು. ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್‌ಸ್ಟ್ಯಾಟ್, ಒಂದು ಸ್ಪೇಸ್, ಒಂದು ಅಡ್ಡಗೆರೆ, ಅದಕ್ಕೆ ಅಂಟಿಸಿ ಎ ಎನ್ ಒ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಉದ್ದದ ಪಟ್ಟಿ ಬರುತ್ತದೆ. ಕೊನೆಯ ಸಂಖ್ಯೆ ಪ್ರೋಗ್ರಾಂನ ಗುರುತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡೀಟೇಲ್ಸ್ ಪುಟಕ್ಕೆ ಹೋಗಿ ಫೈಲ್‌ಝಿಲ್ಲಾ ಸರ್ವರ್‌ನ ಸಂಖ್ಯೆ ನೋಡಿಕೊಳ್ಳಿ. ಅದೇ ಸಂಖ್ಯೆಯ ಸಾಲುಗಳು ಮಾತ್ರ ನಮ್ಮವು.

ಲಿಸನಿಂಗ್ ಅಂತ ಇದ್ದರೆ ಬಾಗಿಲು ತೆರೆದು ಕಾಯುತ್ತಿದೆ. ಎಸ್ಟಾಬ್ಲಿಷ್ಡ್ ಅಂತ ಇದ್ದರೆ ಯಾರೋ ಒಳಗಿದ್ದಾರೆ. ಟೈಮ್ ವೇಟ್ ಅಂತ ಇದ್ದರೆ ಆ ಸಂಪರ್ಕ ಆಗಲೇ ಮುಗಿದಿದೆ, ಸ್ವಲ್ಪ ಹೊತ್ತಿನಲ್ಲಿ ಮಾಯವಾಗುತ್ತದೆ. ಟೈಮ್ ವೇಟ್ ಸಾಲುಗಳನ್ನು ಎಣಿಸಿ 'ನೂರು ಜನ ಒಳಗಿದ್ದಾರೆ' ಅಂತ ಹೆದರಿದವರನ್ನು ನೋಡಿದ್ದೇನೆ, ಅದು ಬೇಡ.

ಒಂದು ಒಳ್ಳೆಯ ಅಭ್ಯಾಸ ಹೇಳುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಪ್ಯಾಸಿವ್ ಮೋಡ್ ಎಂಬ ಪುಟ ಇದೆ. ಅಲ್ಲಿ ಫೈಲಿನ ದಾರಿಗೆ ನಮ್ಮದೇ ಪೋರ್ಟ್‌ಗಳನ್ನು ಗೊತ್ತುಮಾಡಬಹುದು, ಉದಾಹರಣೆಗೆ 50000ದಿಂದ 50100. ರೂಟರ್‌ನಲ್ಲೂ ಅಷ್ಟನ್ನೇ ತೆರೆಯಿರಿ. ಇದು ಫೈರ್‌ವಾಲ್‌ಗಾಗಿ ಮಾಡುವ ಕೆಲಸ, ಆದರೆ ಕಣ್ಣಿಡುವುದಕ್ಕೂ ಬಹಳ ಅನುಕೂಲ. ನೆಟ್‌ಸ್ಟ್ಯಾಟ್‌ನಲ್ಲಿ ನಮ್ಮ ಕಡೆ 21 ಇದ್ದರೆ ಮಾತು, 50 ಸಾವಿರದ ಮೇಲೆ ಇದ್ದರೆ ಮೂಟೆ. ಒಂದೇ ನೋಟಕ್ಕೆ ಯಾರ ಫೈಲ್ ನಿಜವಾಗಿ ಓಡುತ್ತಿದೆ ಅಂತ ಕಾಣುತ್ತದೆ.

ಆರನೇ ಹೆಜ್ಜೆ: ಕಡಿಯುವ ಮೊದಲು

ಸೆಷನ್ ಮೇಲೆ ಬಲ ಕ್ಲಿಕ್ ಮಾಡಿದರೆ ಅದನ್ನು ಕಡಿಯುವ ಆಯ್ಕೆ ಸಿಗುತ್ತದೆ. ಒತ್ತುವುದು ಸುಲಭ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನ ಮಾಡಿ.

ನಾನು ಈ ಕೆಲಸಕ್ಕೆ ಸೇರಿದ ಮೊದಲ ಸೀಸನ್. ರಾತ್ರಿ ಹನ್ನೊಂದೂವರೆ. ಸರ್ವರ್ ರೀಸ್ಟಾರ್ಟ್ ಮಾಡಿ ಮನೆಗೆ ಹೋಗಬೇಕಿತ್ತು. ಒಂದು ಸೆಷನ್ ಮಾತ್ರ ಉಳಿದಿತ್ತು, ಲಾಗ್‌ನಲ್ಲಿ ಹತ್ತು ನಿಮಿಷದಿಂದ ಹೊಸ ಸಾಲು ಬಂದಿರಲಿಲ್ಲ. ಸುಮ್ನೆ ತೆರೆದಿಟ್ಟು ಮಲಗಿದ್ದಾರೆ ಅಂದುಕೊಂಡು ಕಡಿದೆ. ನಿಜದಲ್ಲಿ ನಿಧಾನದ ಹಾಟ್‌ಸ್ಪಾಟ್‌ನಲ್ಲಿ ಒಂದು ದೊಡ್ಡ ಶೀಟ್ ಬರುತ್ತಿತ್ತು. ಮಾತಿನ ದಾರಿ ಮಾತ್ರ ಸುಮ್ಮನಿತ್ತು. ಬೆಳಿಗ್ಗೆ ಪ್ರಿಂಟಿಂಗ್‌ನವರು ಫೋಲ್ಡರ್‌ನಲ್ಲಿ ಇದ್ದದ್ದನ್ನೆಲ್ಲ ಹಾಕಿದರು. ಅರ್ಧಕ್ಕೆ ನಿಂತ ಜೆಪೆಗ್ ತೆರೆಯುತ್ತದೆ, ಆದರೆ ಬಾರದ ಭಾಗ ಬೂದು ಬಣ್ಣ. ಧಾರೆ ಎರೆಯುವ ಫೋಟೋದ ಶೀಟ್ ಅದು. ಮೇಲೆ ಮುಖಗಳು, ಕೆಳಗೆ ಧಾರೆ ಎರೆಯುವ ಕೈಗಳಿರಬೇಕಾದ ಜಾಗದಲ್ಲಿ ಬರೀ ಬೂದು. ಬೈಂಡಿಂಗ್‌ನಲ್ಲಿ ಒಬ್ಬರ ಕಣ್ಣಿಗೆ ಬಿದ್ದು ಮತ್ತೆ ಪ್ರಿಂಟ್ ಹಾಕಿದೆವು. ತಪ್ಪು ಪೂರ್ತಿ ನನ್ನದು.

ಅಂದಿನಿಂದ ಕಡಿಯುವ ಮೊದಲು ಮೂರು ಕಡೆ ನೋಡುತ್ತೇನೆ. ವರ್ಗಾವಣೆ ಕಾಲಂನಲ್ಲಿ ಫೈಲ್ ಹೆಸರು ಇದೆಯಾ? ನೆಟ್‌ಸ್ಟ್ಯಾಟ್‌ನಲ್ಲಿ ಅದೇ ಐಪಿಯಿಂದ 50 ಸಾವಿರದ ಮೇಲಿನ ಪೋರ್ಟ್‌ಗೆ ಎಸ್ಟಾಬ್ಲಿಷ್ಡ್ ಸಾಲು ಇದೆಯಾ? ಫೋಲ್ಡರ್ ತೆರೆದು ಎಫ್5 ಒತ್ತುತ್ತಾ ಇದ್ದರೆ ಆ ಫೈಲ್ ಬೆಳೆಯುತ್ತಿದೆಯಾ? ಮೂರರಲ್ಲಿ ಒಂದಕ್ಕೆ ಹೌದು ಅಂತ ಬಂದರೂ ಕೈ ಹಾಕುವುದಿಲ್ಲ, ಫೋನ್ ಮಾಡುತ್ತೇನೆ.

'ಅಣ್ಣಾ, ಮಲಗಿದ್ರಾ? ನಿಮ್ಮ ಅಪ್‌ಲೋಡ್ ಇನ್ನೂ ಎಷ್ಟಿದೆ?'

'ಇನ್ನ ಆರು ಶೀಟ್ ಐತ್ರಿ. ಕಡೀಬ್ಯಾಡ್ರಿ, ಕೈ ಮುಗಿತೀನಿ.'

ಅಷ್ಟು ಕೇಳಿದರೆ ಸಾಕು, ರೀಸ್ಟಾರ್ಟ್ ಬೆಳಿಗ್ಗೆಗೆ.

ಅಕಸ್ಮಾತ್ ಕಡಿದುಹೋದರೆ ಮೊದಲಿಂದ ಕಳಿಸಬೇಕಿಲ್ಲ. ಕ್ಲೈಂಟ್‌ನಲ್ಲಿ ರೆಸ್ಯೂಮ್ ಆಯ್ಕೆ ಇರುತ್ತದೆ, ನಿಂತ ಜಾಗದಿಂದ ಮುಂದುವರಿಯುತ್ತದೆ. ಇನ್ನೊಂದು ಪದ್ಧತಿಯನ್ನು ನಾವು ಎಲ್ಲ ಫೋಟೋಗ್ರಾಫರ್‌ಗಳಿಗೂ ಹೇಳಿದ್ದೇವೆ. ಎಲ್ಲ ಶೀಟ್ ಹೋದ ಮೇಲೆ ಆ ಆಲ್ಬಂ ಫೋಲ್ಡರ್ ಒಳಗೆ 'ಓಕೆ' ಅಂತ ಒಂದು ಖಾಲಿ ಫೋಲ್ಡರ್ ಮಾಡಬೇಕು. ಅದು ಕಾಣದೆ ನಮ್ಮಲ್ಲಿ ಯಾರೂ ಪ್ರಿಂಟ್ ಹಾಕುವುದಿಲ್ಲ. ಖರ್ಚಿಲ್ಲದ ಉಪಾಯ, ಆದರೆ ಬೂದು ಶೀಟ್ ಮತ್ತೆ ಬಂದಿಲ್ಲ.

ಟೈಮ್‌ಔಟ್ ಬಗ್ಗೆಯೂ ಎರಡು ಮಾತು. ಪ್ರೊಟೊಕಾಲ್ ಸೆಟ್ಟಿಂಗ್ಸ್ ಒಳಗೆ ಎರಡು ಅವಧಿ ಇರುತ್ತವೆ. ಲಾಗಿನ್ ಆಗದೆ ಎಷ್ಟು ಹೊತ್ತು ನಿಲ್ಲಬಹುದು ಅನ್ನುವುದು ಒಂದು, ಏನೂ ಮಾಡದೆ ಎಷ್ಟು ಹೊತ್ತು ಇರಬಹುದು ಅನ್ನುವುದು ಇನ್ನೊಂದು. ಮೊದಲನೆಯದನ್ನು ಕಡಿಮೆ ಇಡಿ. ಎರಡನೆಯದನ್ನು ತೀರಾ ಬಿಗಿ ಮಾಡಬೇಡಿ, ನಮ್ಮ ಕಡೆಯ ಹಳ್ಳಿಗಳ ಇಂಟರ್‌ನೆಟ್‌ಗೆ ಉಸಿರಾಡಲು ಜಾಗ ಬೇಕು. ಕೆಲವೊಮ್ಮೆ ಫೋಟೋಗ್ರಾಫರ್‌ನ ರೂಟರ್ರೇ ಸುಮ್ಮನಿದ್ದ ಮಾತಿನ ದಾರಿಯನ್ನು ಮುಚ್ಚಿಬಿಡುತ್ತದೆ. ಫೈಲ್ ಪೂರ್ತಿ ಬಂದಿರುತ್ತದೆ, 226 ಮಾತ್ರ ಅವರಿಗೆ ತಲುಪುವುದಿಲ್ಲ, ಅವರ ಪರದೆಯಲ್ಲಿ ಫೇಲ್ ಅಂತ ತೋರಿಸುತ್ತದೆ. ಆಗ ಎರಡೂ ಕಡೆಯ ಫೈಲ್ ಗಾತ್ರವನ್ನು ಬೈಟ್ ಲೆಕ್ಕದಲ್ಲಿ ಹೋಲಿಸಿ.

ಏಳನೇ ಹೆಜ್ಜೆ: ಗುರುತಿಲ್ಲದವರು ಬಂದಾಗ

ಪೋರ್ಟ್ 21 ಅನ್ನು ಇಂಟರ್‌ನೆಟ್‌ಗೆ ತೆರೆದ ಮೇಲೆ ಬಾಗಿಲು ಬಡಿಯುವ ಯಂತ್ರಗಳು ಬಂದೇ ಬರುತ್ತವೆ. ಅಡ್ಮಿನ್, ಟೆಸ್ಟ್, ಅನಾನಿಮಸ್ ಅಂತ ಹೆಸರು ಹೇಳಿ, ಒಂದಾದ ಮೇಲೆ ಒಂದು ಪಾಸ್‌ವರ್ಡ್ ಹಾಕಿ ನೋಡುತ್ತವೆ. ಲಾಗ್‌ನಲ್ಲಿ ಸಾಲು ಸಾಲು 530. ಇದು ನಿಮ್ಮ ಮೇಲಿನ ವೈಯಕ್ತಿಕ ದಾಳಿ ಅಲ್ಲ, ತೆರೆದ ಬಾಗಿಲಿಗೆಲ್ಲ ಅವು ಹೋಗುತ್ತವೆ. ನಿಮ್ಮಲ್ಲಿ ಇರುವ ಖಾತೆಯ ಹೆಸರನ್ನೇ ಹಿಡಿದು 530 ಬರುತ್ತಿದ್ದರೆ ಮಾತ್ರ ಎಚ್ಚರ. ಆ ಹೆಸರು ಹೊರಗಿನವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿಕೊಳ್ಳಿ.

ಆಟೋಬ್ಯಾನರ್ ಎಂಬ ಸೌಲಭ್ಯ ಇದೆ, ಅದನ್ನು ಆನ್ ಮಾಡಿ. ಇಷ್ಟು ಸಲ ತಪ್ಪಿದರೆ ಇಷ್ಟು ಹೊತ್ತು ಆ ಐಪಿಯನ್ನು ಬಿಡಬೇಡ ಅಂತ ಹೇಳಿಡಬಹುದು. ನಾನು 10 ತಪ್ಪಿಗೆ ಒಂದು ಗಂಟೆ ಇಟ್ಟಿದ್ದೇನೆ. ಶಾಶ್ವತವಾಗಿ ತಡೆಯಲು ನನಗೆ ಮನಸ್ಸಿಲ್ಲ, ಕಾರಣ ಮೇಲೆ ಹೇಳಿದ ಹಂಚಿದ ಐಪಿ. ಒಬ್ಬ ಕಿಡಿಗೇಡಿಯನ್ನು ತಡೆಯಲು ಹೋಗಿ ಅದೇ ಮೊಬೈಲ್ ಕಂಪನಿಯ ನಮ್ಮ ಚಳ್ಳಕೆರೆಯವರನ್ನು ಹೊರಗೆ ನಿಲ್ಲಿಸಬಾರದು.

ಇನ್ನೊಂದು ವಿಷಯವನ್ನು ದಯವಿಟ್ಟು ಮುಂದೂಡಬೇಡಿ. ಬರೀ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ತೆರೆದ ಪೋಸ್ಟ್‌ಕಾರ್ಡಿನ ಹಾಗೆ ಹೋಗುತ್ತದೆ. ದಾರಿಯಲ್ಲಿ ಇಣುಕಿದವರು ಓದಬಹುದು. ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದ ಹಾಗೆ ಗೂಢ ಮಾಡಿ ಕಳಿಸುವ ವಿಧಾನ) ಮೇಲಿನ ಎಫ್‌ಟಿಪಿಯನ್ನು ಕಡ್ಡಾಯ ಮಾಡಿ. ಕ್ಲೈಂಟ್‌ನಲ್ಲಿ ಮೊದಲ ಸಲ ಸರ್ಟಿಫಿಕೇಟ್ ಬಗ್ಗೆ ಒಂದು ಪ್ರಶ್ನೆ ಬರುತ್ತದೆ. ಫೋಟೋಗ್ರಾಫರ್‌ಗಳಿಗೆ ಫೋನಿನಲ್ಲಿ ಒಮ್ಮೆ ತಾಳ್ಮೆಯಿಂದ ಹೇಳಿಕೊಟ್ಟರೆ ಮತ್ತೆ ತಲೆನೋವಿಲ್ಲ.

ಲಾಗ್ ಉಳಿಸುವುದು

ಸೆಷನ್ ಪಟ್ಟಿ ಈ ಕ್ಷಣದ ಚಿತ್ರ. ನಿನ್ನೆ ಯಾರಿದ್ದರು ಅಂತ ಕೇಳಿದರೆ ಲಾಗ್ ಫೈಲೇ ಗತಿ. ಲಾಗಿಂಗ್ ಪುಟದಲ್ಲಿ ಫೈಲ್‌ಗೆ ಬರೆಯುವುದನ್ನು ಆನ್ ಮಾಡಿ, ದಿನಕ್ಕೊಂದು ಫೈಲ್ ಆಗುವ ಹಾಗೆ ಇಡಿ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಕಂಪ್ಯೂಟರ್ ಗಡಿಯಾರಗಳನ್ನು ಸರಿಹೊಂದಿಸಬೇಕು ಎಂದಿದೆ. ನಾನೂ ಅದೇ 180 ದಿನವನ್ನು ಅಳತೆಯಾಗಿ ಇಟ್ಟುಕೊಂಡಿದ್ದೇನೆ. ಬರೀ ಅಕ್ಷರಗಳ ಫೈಲ್, ಜಾಗ ಜಾಸ್ತಿ ಹಿಡಿಯುವುದಿಲ್ಲ. ವಾರಕ್ಕೊಮ್ಮೆ ಬೇರೆ ಡಿಸ್ಕ್‌ಗೆ ನಕಲು ಮಾಡಿ.

ಸಮಯ ಓದುವಾಗ ಒಂದು ಕಡೆ ಎಡವುತ್ತೀರಿ. ಲಾಗ್‌ನಲ್ಲಿ ಸಮಯದ ಕೊನೆಗೆ ಝಡ್ ಅಕ್ಷರ ಇದ್ದರೆ ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ನಮ್ಮ ಸಮಯಕ್ಕೆ 5 ಗಂಟೆ 30 ನಿಮಿಷ ಕೂಡಿಸಬೇಕು. ಫೈಲ್‌ನಲ್ಲಿ 16:30 ಅಂತ ಇದ್ದದ್ದು ನಮ್ಮ ರಾತ್ರಿ 10 ಗಂಟೆ. 'ಸಂಜೆ ನಾಲ್ಕೂವರೆಗೆ ನಾನು ಕಳಿಸೇ ಇಲ್ಲ' ಅಂತ ಒಬ್ಬರು ವಾದ ಮಾಡುತ್ತಿದ್ದರೆ ಮೊದಲು ಆ ಝಡ್ ನೋಡಿ.

ಲಿನಕ್ಸ್ ಇದ್ದವರಿಗೆ

ಲಿನಕ್ಸ್‌ನಲ್ಲಿ ಒಳಗೆ ಯಾರಿದ್ದಾರೆ ಅಂತ ನೋಡಲು ಹೂ, ಡಬ್ಲ್ಯೂ ಎಂಬ ಆಜ್ಞೆಗಳು ಎಲ್ಲರಿಗೂ ಗೊತ್ತು. ಆದರೆ ಅವು ತೋರಿಸುವುದು ಟರ್ಮಿನಲ್ ತೆರೆದವರನ್ನು. ಎಸ್‌ಎಫ್‌ಟಿಪಿ (ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಫೈಲ್ ಕಳಿಸುವ ಬೇರೆ ಪದ್ಧತಿ) ಬಳಸುವವರು ಟರ್ಮಿನಲ್ ತೆರೆಯುವುದಿಲ್ಲ, ಹಾಗಾಗಿ ಅಲ್ಲಿ ಕಾಣುವುದಿಲ್ಲ. ಪಟ್ಟಿ ಖಾಲಿ ಇದೆ ಅಂತ ಸರ್ವರ್ ಆಫ್ ಮಾಡಿಬಿಟ್ಟರೆ ನನ್ನ ಬೂದು ಶೀಟಿನ ಕಥೆಯೇ ಆಗುತ್ತದೆ. ಪಿಎಸ್ ಆಜ್ಞೆಯಲ್ಲಿ ಎಸ್‌ಎಸ್‌ಎಚ್‌ಡಿ ಸಾಲುಗಳನ್ನು ನೋಡಿ. ಯೂಸರ್ ಹೆಸರಿನ ಮುಂದೆ ನೋಟಿಟಿವೈ ಅಥವಾ ಇಂಟರ್ನಲ್-ಎಸ್‌ಎಫ್‌ಟಿಪಿ ಅಂತ ಇದ್ದರೆ ಅವರೇ ನಮ್ಮವರು.

ಲಿನಕ್ಸ್‌ನಲ್ಲಿ ಎಫ್‌ಟಿಪಿ ಸರ್ವರ್ ಪ್ರೋಗ್ರಾಂಗಳು ಹಲವು ಇವೆ. ಪ್ರೊಎಫ್‌ಟಿಪಿಡಿ ಇದ್ದರೆ ಎಫ್‌ಟಿಪಿಹೂ ಮತ್ತು ಎಫ್‌ಟಿಪಿಟಾಪ್ ಎಂಬ ಎರಡು ಆಜ್ಞೆ ಜೊತೆಯಲ್ಲೇ ಬರುತ್ತವೆ, ಎರಡನೆಯದು ಬದಲಾವಣೆಗಳನ್ನು ಆಗಿಂದಾಗ ತೋರಿಸುತ್ತಲೇ ಇರುತ್ತದೆ. ಪ್ಯೂರ್-ಎಫ್‌ಟಿಪಿಡಿಯಲ್ಲಿ ಪ್ಯೂರ್-ಎಫ್‌ಟಿಪಿಹೂ. ವಿಎಸ್‌ಎಫ್‌ಟಿಪಿಡಿಯಲ್ಲಿ ಅಂಥ ಆಜ್ಞೆ ಇಲ್ಲ. ಅದರ ಸೆಟ್ಟಿಂಗ್ ಫೈಲ್‌ನಲ್ಲಿ ಸೆಟ್‌ಪ್ರೊಕ್‌ಟೈಟಲ್ ಎನೇಬಲ್ ಎಂಬ ಸಾಲನ್ನು ಯೆಸ್ ಮಾಡಿ, ಎರಡು ಪದದ ಮಧ್ಯೆ ಅಡಿಗೆರೆ ಇರಲಿ. ಆಗ ಪಿಎಸ್ ಪಟ್ಟಿಯಲ್ಲೇ ಯಾರು ಎಲ್ಲಿಂದ ಬಂದು ಏನು ಮಾಡುತ್ತಿದ್ದಾರೆ ಅಂತ ಕಾಣುತ್ತದೆ. ಅದರಲ್ಲಿ ಏನೂ ಮಾಡದೆ 300 ಸೆಕೆಂಡ್ ಇದ್ದರೆ ಹೊರಗೆ ಹಾಕುವ ನಿಯಮ ಮೊದಲೇ ಇರುತ್ತದೆ. ನಿಧಾನದ ಸಂಪರ್ಕದವರಿದ್ದರೆ ಏರಿಸಿ.

ಅಂಗಡಿಯೊಳಗಿನ ಶೇರ್ ಫೋಲ್ಡರ್

ಹೊರಗಿನವರನ್ನು ನೋಡಿ ಒಳಗಿನವರನ್ನು ಮರೆಯುವುದು ಬೇಡ. ಡಿಸೈನ್ ಕಂಪ್ಯೂಟರ್‌ಗಳು ಅದೇ ಡಿಸ್ಕನ್ನು ವಿಂಡೋಸ್ ಶೇರ್ ಮೂಲಕ ಬಳಸುತ್ತಿರುತ್ತವೆ. ಅವರು ಫೈಲ್‌ಝಿಲ್ಲಾ ಪಟ್ಟಿಯಲ್ಲಿ ಬರುವುದಿಲ್ಲ. ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು ಶೇರ್ಡ್ ಫೋಲ್ಡರ್ಸ್ ಒಳಗೆ ಹೋದರೆ ಸೆಷನ್ಸ್, ಓಪನ್ ಫೈಲ್ಸ್ ಅಂತ ಎರಡು ಇವೆ. ಮೊದಲನೆಯದರಲ್ಲಿ ಯಾವ ಕಂಪ್ಯೂಟರ್ ಸೇರಿದೆ, ಎರಡನೆಯದರಲ್ಲಿ ಯಾವ ಫೈಲ್ ತೆರೆದಿದೆ ಅಂತ ಕಾಣುತ್ತದೆ. ಒಬ್ಬರು ಶೀಟ್ ತೆರೆದಿಟ್ಟಾಗಲೇ ಫೋಟೋಗ್ರಾಫರ್ ಅದೇ ಹೆಸರಿನ ತಿದ್ದಿದ ಶೀಟ್ ಕಳಿಸಲು ನೋಡಿದರೆ ಅಪ್‌ಲೋಡ್ ಫೇಲ್ ಆಗಬಹುದು. ಎಫ್‌ಟಿಪಿ ಕಡೆ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಓಪನ್ ಫೈಲ್ಸ್‌ನಲ್ಲಿ ಸಿಗುತ್ತದೆ.

ರಾತ್ರಿ ಬಾಗಿಲು ಹಾಕುವ ಮೊದಲು ನಾನು ಓಪನ್ ಫೈಲ್ಸ್ ಖಾಲಿ ಇದೆಯಾ ನೋಡುತ್ತೇನೆ, ಸೆಷನ್ ಪಟ್ಟಿಯಲ್ಲಿ ಉಳಿದ ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ, ಮಾನಿಟರ್ ಮಾತ್ರ ಆಫ್ ಮಾಡಿ ಸರ್ವರ್ ಓಡಲು ಬಿಟ್ಟು ಹೋಗುತ್ತೇನೆ. ಬೆಳಿಗ್ಗೆ ಬಂದು ಆ ಹೆಸರುಗಳ ಮುಂದೆ 226 ಬಂದಿದೆಯಾ, 'ಓಕೆ' ಫೋಲ್ಡರ್ ಇದೆಯಾ ಅಂತ ಗುರುತು ಹಾಕಿದ ಮೇಲೆ ಆ ಆಲ್ಬಂ ಪ್ರಿಂಟಿಂಗ್‌ಗೆ ಹೋಗುತ್ತದೆ.